ಕೆಂಚನ ಕಾಲು: ಆಪರೇಷನ್ ಮಾಡಿಸ್ಬೇಕಾ ಬೇಡ್ವಾ ಅಂತ ಒದ್ದಾಡಿದ ಎಂಟು ದಿನ, ಆಮೇಲಿನ ಎಂಟು ವಾರ

ಮಾರ್ಚ್ 13ಕ್ಕೆ ನಮ್ಮ ನಾಯಿ ಕೆಂಚನ ಕೊನೇ ಎಕ್ಸ್‌ರೇ ಆಯ್ತು. ಮೂಳೆ ಕೂಡಿದೆ ಅಂದ್ರು ಡಾಕ್ಟ್ರು. ಜನವರಿ 8ರ ರಾತ್ರಿ ನಾನು ಮೊಬೈಲ್ ಹಿಡ್ಕೊಂಡು ಬೆಳಗಿನ ತನಕ ಹುಡುಕಿದ್ದೆ, ನಾಯಿ ಕಾಲು ಮುರಿದ್ರೆ ಏನ್ ಮಾಡ್ಬೇಕು, ಎಷ್ಟಾಗುತ್ತೆ, ಬದುಕುತ್ತಾ ಅಂತ. ಸಿಕ್ಕಿದ್ದೆಲ್ಲ ಬೆಂಗಳೂರಿನವರದ್ದು, ಇಲ್ಲಾಂದ್ರೆ ಫಾರಿನ್‌ನವರದ್ದು. ನಮ್ಮ ಚಿಕ್ಕಮಗಳೂರಿನ ಆಲ್ದೂರು ಕಡೆ ಕಾಫಿ ತೋಟದಲ್ಲಿರೋರು ಎಲ್ಲಿಗ್ ಹೋಗ್ಬೇಕು, ಯಾರನ್ನ ಏನ್ ಕೇಳ್ಬೇಕು ಅನ್ನೋದು ಎಲ್ಲೂ ಸಿಗ್ಲಿಲ್ಲ. ಅದಕ್ಕೇ ಮರೆತು ಹೋಗೋದ್ರೊಳಗೆ ಬರೀತಾ ಇದೀನಿ.

ಕೆಂಚ ನಾವು ದುಡ್ ಕೊಟ್ಟು ತಂದ ನಾಯಿ ಅಲ್ಲ. ನಾಲ್ಕು ವರ್ಷದ ಹಿಂದೆ ಆಷಾಢದ ಮಳೇಲಿ ತೋಟದ ಕೆಲಸದವರಿರೋ ಲೈನ್ ಮನೆ ಹಿಂದಿನ ಚರಂಡೀಲಿ ನಡುಗ್ತಾ ಕೂತಿತ್ತು, ಅತ್ತೆ ಸೆರಗಲ್ಲಿ ಒರೆಸಿ ಒಲೆ ಹತ್ರ ತಂದು ಮಲಗಿಸಿದ್ರು, ಅಲ್ಲಿಂದ ನಮ್ಮನೇದೇ. ಈಗ 18 ಕೆಜಿ ಇದೆ. ಕಣದಲ್ಲಿ ಕಾಫಿ ಹರವಿದಾಗ ರಾತ್ರಿಯೆಲ್ಲ ಅಲ್ಲೇ ಮಲಗ್ತಾನೆ. ಮಗಳು ಎಂಟನೇ ಕ್ಲಾಸು, ಅವಳ ಸ್ಕೂಲ್ ವ್ಯಾನ್ ಬರೋ ಟೈಮಿಗೆ ಸರಿಯಾಗಿ ಗೇಟ್ ಹತ್ರ ಹೋಗಿ ಕೂತಿರ್ತಾನೆ.

ಜನವರಿ 8ರ ಸಾಯಂಕಾಲ ಐದೂವರೆ ಇರ್ಬೇಕು, ಹಣ್ಣು ಕುಯ್ಯೋಕೆ ಬಂದವರನ್ನ ವಾಪಸ್ ಬಿಡೋ ಪಿಕಪ್ ನಮ್ಮ ಮಣ್ಣು ರಸ್ತೇಲಿ ಇಳೀತಾ ಇತ್ತು, ಇವನು ಕಾಡುಕೋಳಿನೋ ಏನೋ ಅಟ್ಟಿಸ್ಕೊಂಡು ಅಡ್ಡ ನುಗ್ಗಿದ. ಡ್ರೈವರ್ ಗೊತ್ತಿರೋ ಹುಡುಗನೇ, ಅವನ ತಪ್ಪು ಅಂತ ನಾನು ಹೇಳಲ್ಲ. ಸೌಂಡ್ ಕೇಳಿ ಓಡಿ ಹೋದಾಗ ಕೆಂಚ ಮುಂಗಾಲಲ್ಲಿ ತೆವಳ್ಕೊಂಡು ಕಾಫಿ ಗಿಡದ ಬುಡಕ್ಕೆ ಹೋಗಿದ್ದ, ಎಡಗಡೆ ಹಿಂಗಾಲು ಬೇರೆ ಯಾರದ್ದೋ ಕಾಲು ತಂದು ಸಿಕ್ಕಿಸಿದ ಹಾಗೆ ನೇತಾಡ್ತಿತ್ತು. ಆ ಕೂಗು ಈಗ್ಲೂ ಕಿವೀಲಿದೆ.

ಮಾವ ಸೀದಾ ಹೋಗಿ ಎತ್ಕೊಳ್ಳೋಕೆ ಕೈ ಹಾಕಿದ್ರು. ಕೆಂಚ ಜೀವಮಾನದಲ್ಲಿ ಯಾರಿಗೂ ಹಲ್ಲು ತಾಗಿಸಿದ ನಾಯಿ ಅಲ್ಲ, ಆದ್ರೆ ಆ ನೋವಲ್ಲಿ ಮಾವನ ಅಂಗೈ ಕಚ್ಚಿಬಿಟ್ಟ, ರಕ್ತ ಬಂತು. ಇದು ನಾವು ಅಂದ್ಕೊಳ್ಳದೇ ಇದ್ದ ಮೊದಲನೇ ತಾಪತ್ರಯ. ನಿಮ್ಮ ನಾಯಿ ಎಷ್ಟೇ ಸಾಧು ಇರ್ಲಿ, ಏಟಾದಾಗ ಮೊದಲು ಒಂದು ಉದ್ದದ ಬಟ್ಟೆ ತುಂಡಿಂದ ಮೂತಿ ಸುತ್ತಿ ಕಿವಿ ಹಿಂದೆ ಗಂಟು ಹಾಕಿ, ಆಮೇಲೆ ಮುಟ್ಟಿ. ವಾಂತಿ ಮಾಡ್ತಿದ್ರೆ ಅಥವಾ ಉಸಿರಾಡೋಕೆ ಕಷ್ಟಪಡ್ತಿದ್ರೆ ಮಾತ್ರ ಮೂತಿ ಕಟ್ಟಬಾರದು. ಎತ್ತೋದು ಕೂಡ ಕೈಯಲ್ಲಲ್ಲ, ಹಲಗೆ ಮೇಲೆ. ನಾವು ಆಮೇಲೆ ಹಳೇ ಬಾಗಿಲಿನ ಹಲಗೆ ತಂದು ಅದರ ಮೇಲೆ ಗೋಣಿ ಹಾಸಿ ಜಾರಿಸಿದ್ವಿ.

ಮಾವನ ಗಾಯನ ಸೋಪು ಹಾಕಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದ್ವಿ, ಅದೊಂದು ಸರಿಯಾಗಿ ಮಾಡಿದ್ವಿ. ಕೆಂಚಂಗೆ ಹುಚ್ಚುನಾಯಿ ಲಸಿಕೆ ಹಾಕ್ಸಿದ್ದ ಕಾರ್ಡ್ ಇತ್ತು. ಆದ್ರೂ ಸರ್ಕಾರಿ ಆಸ್ಪತ್ರೇಲಿ, ರಕ್ತ ಬಂದಿದೆ ಅಂದ್ಮೇಲೆ ರಿಸ್ಕ್ ಬೇಡ ಅಂತ ಗಾಯದ ಸುತ್ತ ಒಂದು ಇಂಜೆಕ್ಷನ್ ಕೊಟ್ಟು, ತೋಳಿಗೆ ಲಸಿಕೆ ಶುರು ಮಾಡಿ 3, 7, 28ನೇ ದಿನಕ್ಕೆ ಮತ್ತೆ ಬನ್ನಿ ಅಂದ್ರು. ಹತ್ತು ದಿನ ನಾಯಿ ಮೇಲೆ ಕಣ್ಣಿಡಿ ಅಂತಲೂ ಹೇಳಿದ್ರು. ಹಂಗಾಗಿ ನಮ್ಮನೇಲಿ ಒಂದೇ ಸಲ ಇಬ್ಬರು ಪೇಷೆಂಟು. ಆ ಲಸಿಕೆ ಕಾರ್ಡ್ ದಯವಿಟ್ಟು ಎಲ್ಲಿದೆ ಅಂತ ಈಗ್ಲೇ ನೋಡಿಟ್ಕೊಳ್ಳಿ, ಆಮೇಲೆ ಹೋದ ಕಡೆಯೆಲ್ಲ ಮೊದಲು ಕೇಳಿದ್ದೇ ಅದು.

ಆ ರಾತ್ರಿ ಎರಡು ತಪ್ಪು ಮಾಡೋದ್ರಲ್ಲಿದ್ವಿ, ಒಂದು ಮಾಡಿದ್ವಿ ಒಂದು ತಪ್ಪಿಸ್ಕೊಂಡ್ವಿ. ಮಾಡಿದ್ದು ಏನಂದ್ರೆ, ಪಕ್ಕದ ತೋಟದವರೊಬ್ಬರು ಬಂದು ಬಿದಿರಿನ ಸೀಳು ಇಟ್ಟು ಬಟ್ಟೆ ಬಿಗಿದು ಕಾಲು ಕಟ್ಟಿದ್ರು. ಒಳ್ಳೇ ಮನಸ್ಸಿಂದಲೇ ಕಟ್ಟಿದ್ರು, ಆದ್ರೆ ಮಾರನೇ ದಿನ ಡಾಕ್ಟ್ರು ಅದನ್ನ ಮೊದಲು ಬಿಚ್ಚಿ ಹಾಕಿದ್ರು. ಮೊಣಕಾಲಿನ ಕೆಳಗೆ ಮುರಿದಿದ್ರೆ ಕಟ್ಟೋದು ಉಪಯೋಗಕ್ಕೆ ಬರುತ್ತಂತೆ, ತೊಡೆ ಮೂಳೆ ಮುರಿದಾಗ ಕಟ್ಟು ಸೊಂಟದ ತನಕ ಹಿಡಿಯಲ್ಲ, ಮುರಿದ ಜಾಗದಿಂದ ಕೆಳಗೆ ಭಾರ ನೇತು ಹಾಕ್ದಂಗೆ ಆಗಿ ಮೂಳೆ ಚೂಪು ಇನ್ನೂ ಒಳಗಡೆ ಚುಚ್ಚುತ್ತೆ. ತಪ್ಪಿಸ್ಕೊಂಡಿದ್ದು ಮಾತ್ರೆ. ನಮ್ಮನೆಯವ್ರು ಅವರ ಬೆನ್ನು ನೋವಿಗೆ ತಗೊಳ್ಳೋ ಡೈಕ್ಲೋಫೆನಾಕ್ ಅರ್ಧ ಕೊಡೋಣ್ವಾ ಅಂದ್ರು, ಪಾಪ ಅಷ್ಟು ಅಳ್ತಿತ್ತಲ್ಲ. ಅದೃಷ್ಟಕ್ಕೆ ನಮ್ಮ ಹಸು ನೋಡೋ ಡಾಕ್ಟ್ರು ಫೋನ್ ಎತ್ತಿದ್ರು, ಕೊಡ್ಲೇಬೇಡಿ, ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಹೋಗುತ್ತೆ, ಕಿಡ್ನಿ ಹೋಗುತ್ತೆ ಅಂದ್ರು. ಐಬುಪ್ರೊಫೆನ್ನೂ ಅಷ್ಟೇ, ಪ್ಯಾರಸಿಟಮಾಲ್ ಅಂತೂ ಬೆಕ್ಕಿಗೆ ಒಂದೇ ಮಾತ್ರೆ ಸಾಕು ಸಾಯೋಕೆ ಅಂದ್ರು.

ಬೆಳಿಗ್ಗೆ ಆರಕ್ಕೆ ಓಮ್ನಿ ಹಿಂದಿನ ಸೀಟು ಬಿಚ್ಚಿ ಹಲಗೆ ಸಮೇತ ಮಲಗಿಸ್ಕೊಂಡು ಹೊರಟ್ವಿ. ಮೊದಲು ಹೋದ ಜಾಗದಲ್ಲಿ ಎಕ್ಸ್‌ರೇ ತೆಗೆಯೋರು ರಜೆ. ಬರ್ತಾರೆ ಬರ್ತಾರೆ ಅಂತ ಎರಡು ಗಂಟೆ ಕೂತ್ವಿ, ಅದು ಗೊತ್ತಾಗಿದ್ದು ಹತ್ತು ಗಂಟೆಗೆ. ಆ ಎರಡು ಗಂಟೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಹೊರಡೋ ಮುಂಚೆ ಫೋನ್ ಮಾಡಿ ಇವತ್ತು ಎಕ್ಸ್‌ರೇ ಇದೆಯಾ, ತೆಗೆಯೋರು ಇದಾರಾ ಅಂತ ಎರಡೂ ಪ್ರಶ್ನೆ ಬೇರೆ ಬೇರೆ ಕೇಳಿ. 1962 ಅಂತ ಪಶು ಚಿಕಿತ್ಸಾ ವಾಹನದ ಉಚಿತ ನಂಬರ್ ಇದೆ, ಅದು ಮುಖ್ಯವಾಗಿ ದನಕರುಗಳಿಗೆ, ಮೂಳೆ ಮುರಿದ ನಾಯಿ ಅಂದ್ರೆ ಹೇಗಿದ್ರೂ ಎಕ್ಸ್‌ರೇ ಇರೋ ಕಡೆ ನಾವೇ ಹೋಗ್ಲೇಬೇಕು.

ಅಲ್ಲಿಂದ ಬೇಲೂರು ಮೇಲೆ ಹಾಸನ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೀದರ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಲ್ಲಿಗೆ ಹೋದ್ವಿ. ಚೀಟಿ ಮಾಡ್ಸಿ ಕೂತ್ರೆ ಸುತ್ತಮುತ್ತ ಹಸು, ಮೇಕೆ, ಒಂದು ಗಿಣಿ ಸಹ. ಕಾಲೇಜು ಅಂದ್ಮೇಲೆ ಸ್ಟೂಡೆಂಟ್ಸ್ ಜಾಸ್ತಿ, ಏಳೆಂಟು ಜನ ಕೆಂಚನ ಸುತ್ತ ನಿಂತ್ರು. ಮೊದಲು ನನಗೆ ಕಿರಿಕಿರಿ ಆಯ್ತು, ಆಮೇಲೆ ಗೊತ್ತಾಯ್ತು ಅವರಿಗೆ ಹೇಳಿ ಕೊಡೋವಾಗ ನಮಗೂ ಅರ್ಥ ಆಗುತ್ತೆ ಅಂತ.

ಕಾಲು ನೋಡೋದು ಕೊನೆಗೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಮೊದಲು ತುಟಿ ಎತ್ತಿ ವಸಡಿನ ಬಣ್ಣ ನೋಡಿದ್ರು, ಬಿಳಿಚ್ಕೊಂಡಿದ್ರೆ ಒಳಗೆ ರಕ್ತ ಹೋಗ್ತಿದೆ ಅಂತ ಅರ್ಥ. ಎದೆಯ ಎಕ್ಸ್‌ರೇ ತೆಗೆದ್ರು, ಗಾಡಿ ಬಡಿದಾಗ ಶ್ವಾಸಕೋಶಕ್ಕೆ ಏಟಾಗಿರುತ್ತೆ, ಕೆಲವೊಮ್ಮೆ ಎದೆ ಹೊಟ್ಟೆ ನಡುವಿನ ಪರದೆ, ಅಂದ್ರೆ ವಪೆ, ಹರಿದು ಹೊಟ್ಟೆ ಒಳಗಿಂದೆಲ್ಲ ಎದೆಗೆ ಬಂದಿರುತ್ತೆ ಅಂತೆ. ಉಚ್ಚೆ ಹೊಯ್ದಿದಾನಾ ಅಂತ ಮೂರು ಸಲ ಕೇಳಿದ್ರು, ಮೂತ್ರಕೋಶ ಒಡೆದಿರ್ಬಹುದು ಅಂತ. ಆಮೇಲೆ ಒಂದು ಇಕ್ಕಳದಿಂದ ಕಾಲ್ಬೆರಳನ್ನ ಜೋರಾಗಿ ಒತ್ತಿದ್ರು, ಕೆಂಚ ತಿರುಗಿ ನೋಡಿ ಕುಯ್ ಅಂದ. ಡಾಕ್ಟ್ರು ನಕ್ಕಿದ್ದು ಅವತ್ತು ಅದೊಂದೇ ಸಲ. "ಮೇಡಂ, ನೋವು ಗೊತ್ತಾಗ್ತಿದೆ, ನರ ಸರಿ ಇದೆ. ಇದು ಗೊತ್ತಾಗದೇ ಇದ್ದಿದ್ರೆ ನಾನು ನಿಮ್ಮ ಹತ್ರ ಬೇರೆ ಮಾತು ಆಡ್ಬೇಕಿತ್ತು" ಅಂದ್ರು.

ಆ ಬೇರೆ ಮಾತು ಏನು ಅನ್ನೋದನ್ನ ಅವತ್ತೇ ಪಕ್ಕದ ಬೆಂಚಲ್ಲಿ ನೋಡಿದೆ. ಅರಸೀಕೆರೆ ಕಡೆಯಿಂದ ಬಂದ ಗಂಡ ಹೆಂಡತಿ, ಅವರ ನಾಯಿ ಮಹಡಿಯಿಂದ ಬಿದ್ದು ಬೆನ್ನು ಮೂಳೆ ಮುರಿದಿತ್ತು, ಐದು ದಿನ ಆಗಿತ್ತು, ಹಿಂದಿನ ಎರಡು ಕಾಲಿಗೂ ಒಂಚೂರೂ ಗೊತ್ತಾಗ್ತಿರ್ಲಿಲ್ಲ. ಅವರು ನೋವಿಲ್ಲದೆ ಕಳಿಸಿಕೊಡೋ ಇಂಜೆಕ್ಷನ್ನಿಗೆ ಸಹಿ ಹಾಕಿದ್ರು. ಆ ಯಪ್ಪ ಹೊರಗೆ ಬಂದು ಖಾಲಿ ಬೆಲ್ಟು ಕೈಗೆ ಸುತ್ಕೊಂಡು ಸುಮಾರು ಹೊತ್ತು ಕೂತಿದ್ರು, ನಾನು ಫ್ಲಾಸ್ಕಿಂದ ಕಾಫಿ ಕೊಟ್ಟೆ, ತಗೊಂಡ್ರು, ಕುಡೀಲಿಲ್ಲ. ಅವರು ಮಾಡಿದ್ದು ಪ್ರೀತಿ ಕಮ್ಮಿ ಆಗಿ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ನಮ್ಮ ಎಕ್ಸ್‌ರೇಲಿ ತೊಡೆ ಮೂಳೆ ಮಧ್ಯಕ್ಕೆ ಮುರಿದು ಒಂದರ ಮೇಲೊಂದು ಹತ್ತಿತ್ತು, ಜೊತೆಗೆ ಒಂದು ಚಿಕ್ಕ ಚೂರು. ಎರಡು ಕಡೆಯಿಂದಲೂ ತೆಗೆಸ್ಬೇಕು, ಎದುರಿಂದ ಒಂದು ಪಕ್ಕದಿಂದ ಒಂದು, ಬರೀ ಒಂದರಲ್ಲಿ ಪೂರ್ತಿ ಗೊತ್ತಾಗಲ್ಲ. ಅದರ ಫೋಟೋ ಸರಿಯಾಗಿ ಬೆಳಕಲ್ಲಿ ಹಿಡಿದು ಮೊಬೈಲಲ್ಲಿ ತಗೊಳ್ಳಿ, ಆಮೇಲೆ ಬೇರೆ ಡಾಕ್ಟ್ರಿಗೆ ಕಳಿಸಿ ಕೇಳೋಕೆ ಅದೇ ಸಾಕಾಗಿದ್ದು ನಮಗೆ.

ಎರಡನೇ ತಾಪತ್ರಯ ರಕ್ತದ ರಿಪೋರ್ಟಲ್ಲಿತ್ತು. ರಕ್ತ ಹೆಪ್ಪುಗಟ್ಟಿಸೋ ಕಣ, ಪ್ಲೇಟ್‌ಲೆಟ್, 62 ಸಾವಿರ. ನಾಯಿಗೆ ಹೆಚ್ಚುಕಮ್ಮಿ ಎರಡು ಲಕ್ಷದ ಮೇಲೆ ಇರ್ಬೇಕಂತೆ. ಉಣುಗಿನ ಜ್ವರ. ನಮ್ಮ ಕಡೆ ತೋಟದ ನಾಯಿಗೆ ಉಣುಗು ಹತ್ತೋದು ಹೊಸದೇನಲ್ಲ, ಮೈಮೇಲೆ ಕಂಡಿದ್ದನ್ನ ಕಿತ್ತು ಬೆಂಕಿಗೆ ಹಾಕ್ತಿದ್ವಿ ಅಷ್ಟೇ, ಅದು ರಕ್ತದಲ್ಲಿ ಕಾಯಿಲೆ ಬಿಟ್ಟು ನಾಯಿ ಹೊರಗಿಂದ ಚೆನ್ನಾಗೇ ಓಡಾಡ್ಕೊಂಡಿರುತ್ತೆ ಅನ್ನೋದು ಗೊತ್ತಿರ್ಲಿಲ್ಲ. ಇಷ್ಟು ಕಮ್ಮಿ ಇರೋವಾಗ ಕುಯ್ದರೆ ರಕ್ತ ನಿಲ್ಲಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನಕ್ಕೆ ಶುರು ಮಾಡಿದ್ರು, ಖಾಲಿ ಹೊಟ್ಟೇಲಿ ಬೇಡ, ಊಟದ ಜೊತೆ ಕೊಡಿ ಅಂತ. ಐದಾರು ದಿನ ಬಿಟ್ಟು ಮತ್ತೆ ರಕ್ತ ನೋಡಿ ಆಮೇಲೆ ಆಪರೇಷನ್, ಆದ್ರೆ ಎರಡು ವಾರ ದಾಟಿಸ್ಬೇಡಿ, ಮಾಂಸ ಎಳ್ಕೊಂಡು ಮೂಳೆ ತಪ್ಪಾಗಿ ಕೂಡೋಕೆ ಶುರುವಾದ್ರೆ ಕೆಲಸ ಕಷ್ಟ ಅಂದ್ರು. ಅವತ್ತು ಆ ತಡ ನನಗೆ ಶಾಪದ ಹಾಗೆ ಕಂಡಿತ್ತು. ಈಗ ಅನ್ಸುತ್ತೆ, ಯೋಚನೆ ಮಾಡೋಕೆ ನಮಗೆ ಆ ದಿನಗಳು ಬೇಕಾಗಿತ್ತು.

ಈಗ ಮುಖ್ಯ ವಿಷಯ. ಪ್ಲೇಟು ಸ್ಕ್ರೂ ಹಾಕಿ ಮೂಳೆ ಕೂಡಿಸೋದು ಒಂದು ದಾರಿ. ಬೆಂಗಳೂರಲ್ಲಿ ಒಂದು ಕಡೆ ಫೋನಲ್ಲಿ ಕೇಳಿದ್ರೆ 75 ಸಾವಿರದಿಂದ ಶುರು ಅಂದ್ರು. ಹಾಸನದಲ್ಲೇ ಒಬ್ಬ ಸರ್ಜನ್ನು 42 ರಿಂದ 48 ಸಾವಿರ ಅಂದ್ರು. ಕಾಲು ತೆಗೆಯೋದು ಇನ್ನೊಂದು ದಾರಿ, 15 ರಿಂದ 18 ಸಾವಿರ. ಯಾವ ಆಸ್ಪತ್ರೆ ಯಾವ ಡಾಕ್ಟ್ರು ಅಂತ ನಾನಿಲ್ಲಿ ಬರೀತಿಲ್ಲ, ನಾಯಿ ತೂಕ, ಮುರಿದಿರೋ ರೀತಿ ನೋಡಿ ಪ್ರತಿ ಕೇಸಿಗೂ ರೇಟ್ ಬೇರೆ ಆಗುತ್ತೆ, ನನ್ನ ಬಿಲ್ ಹಿಡ್ಕೊಂಡು ಹೋಗಿ ಯಾರೂ ಜಗಳ ಆಡೋದು ಬೇಡ.

ಮನೆಗೆ ಬಂದು ನಮ್ಮನೆಯವ್ರಿಗೆ ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ನೋಡು ಮಾರಾಯ್ತಿ, ನಂಗೂ ಅವನ ಮೇಲೆ ಆಸೆ ಇದೆ. ಆದ್ರೆ ಸೊಸೈಟಿ ಸಾಲದ ಕಂತು ಮಾರ್ಚಿಗೆ. ಎರಡೂವರೆ ಎಕರೆ ತೋಟ. ಎಲ್ಲಿಂದ ತರ್ಲಿ?" ಅಂದ್ರು. ನಾನು ಅವರ ಮೇಲೆ ಕೂಗಾಡಿದೆ. ಕೂಗಾಡಬಾರದಿತ್ತು, ಅವರು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿರ್ಲಿಲ್ಲ. ನಿಮ್ಮನೇಲೂ ಒಬ್ಬರು ದುಡ್ಡಿನ ಮಾತು ಎತ್ತೇ ಎತ್ತುತ್ತಾರೆ, ಅವರನ್ನ ಕಲ್ಲು ಹೃದಯದವರು ಅಂತ ತಿಳ್ಕೋಬೇಡಿ. ಇವರು ಅವತ್ತು ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಕೆಂಚನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದನ್ನ ನಾನೇ ನೋಡಿದೆ.

ಬಾಕಿ ಜನರ ಮಾತು ಬಿಡಿ. ನೆಂಟರೊಬ್ಬರು, "ಬೀದಿ ನಾಯಿಗೆ ಐವತ್ತು ಸಾವಿರನಾ, ಆ ದುಡ್ಡಲ್ಲಿ ಒಳ್ಳೇ ಜಾತಿ ನಾಯಿ ಎರಡು ಬರುತ್ತೆ" ಅಂದ್ರು. ಲೈನ್ ಮನೆಯ ಒಬ್ಬಳು ಹೆಂಗಸು ಅಂದಿದ್ದು ಮಾತ್ರ ನನಗೆ ತುಂಬಾ ತಾಗ್ತು. "ಅಕ್ಕಾ, ನನ್ ಮಗನ ಕೈ ಮುರಿದಾಗ ನಾಟಿ ಕಟ್ಟಿಸಿದ್ದು ನಾವು, ಆಸ್ಪತ್ರೆಗೆ ದುಡ್ಡಿರ್ಲಿಲ್ಲ" ಅಂತ. ಅವಳು ಚುಚ್ಚೋಕೆ ಹೇಳಿದ್ದಲ್ಲ. ನನ್ನ ಹತ್ರ ಅದಕ್ಕೆ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ನಾಯಿಗೆ ಖರ್ಚು ಮಾಡೋದು ಸರಿನಾ ಅನ್ನೋ ಪ್ರಶ್ನೆ ಬಂದಾಗೆಲ್ಲ ಅವಳ ಮುಖ ನೆನಪಾಗುತ್ತೆ.

ನನ್ನ ಮನಸ್ಸು ಮೊದಲು ಕಾಲು ತೆಗೆಸೋ ಕಡೆಗೇ ವಾಲಿತ್ತು. ಅದರ ಬಗ್ಗೆ ನಮಗೆ ಭಯ ಜಾಸ್ತಿ, ಆದ್ರೆ ಸರ್ಜನ್ನು ಹೇಳಿದ್ದು ಕೇಳಿ. ನಾಯಿ ಭಾರದಲ್ಲಿ ನೂರಕ್ಕೆ ಅರವತ್ತು ಪಾಲು ಮುಂಗಾಲ ಮೇಲೆ ಇರುತ್ತೆ, ಹಿಂಗಾಲು ಒಂದು ಹೋದ್ರೆ ಕೆಲವೇ ವಾರದಲ್ಲಿ ಹೊಂದ್ಕೊಂಡು ಓಡುತ್ತೆ, ಒಂದೇ ಆಪರೇಷನ್ನಿಗೆ ಮುಗೀತು, ಪ್ಲೇಟ್ ಸಡಿಲ ಆಗೋದು, ಕೀವು ಆಗೋದು ಅನ್ನೋ ಯೋಚನೆ ಇಲ್ಲ. ಮೂರು ಕಾಲಲ್ಲಿ ಚೆಂಡಿನ ಹಿಂದೆ ಓಡೋ ನಾಯಿ ವಿಡಿಯೋ ತೋರ್ಸಿದ್ರು. ಪೇಟೆಯಲ್ಲಿ ಮನೆ ಇದ್ದಿದ್ರೆ ನಾವು ಅದನ್ನೇ ಮಾಡಿಸ್ತಿದ್ವಿ ಅಂತ ನನಗೆ ಅನ್ಸುತ್ತೆ.

ಅದಕ್ಕೆ ಬೇಡ ಅಂದವರು ಮಾವ. ಪಟ್ಟಿ ಸುತ್ತಿದ ಕೈ ಎದೆಗಿಟ್ಕೊಂಡು ಒಂದೇ ಮಾತು ಹೇಳಿದ್ರು. "ಇದು ಚಿರತೆ ಓಡಾಡೋ ಜಾಗ. ನಾಲ್ಕು ಕಾಲಿರೋ ನಾಯಿನೇ ಬಿಡಲ್ಲ ಅದು." ನಿಜ. ಹೋದ ಮಳೆಗಾಲದಲ್ಲಿ ಮೇಲಿನ ತೋಟದವರ ಎರಡು ನಾಯಿ ಹೋಯ್ತು. ಕೆಂಚ ಬದುಕಿರೋದೇ ಗದ್ದಲ ಕೇಳಿದ ತಕ್ಷಣ ಓಡಿ ಬಂದು ಜಗಲಿ ಹತ್ತೋದ್ರಿಂದ. ನಮ್ಮದು ಇಳಿಜಾರು ಬೇರೆ, ಮಳೆಗಾಲದಲ್ಲಿ ನಾವೇ ಜಾರಿ ಬೀಳ್ತೀವಿ. ಸರ್ಜನ್ನಿಗೆ ಇದನ್ನ ಹೇಳಿದಾಗ ಅವರು ಸ್ವಲ್ಪ ಯೋಚನೆ ಮಾಡಿ, "ಅದು ನೀವೇ ಹೇಳ್ಬೇಕಾದ ವಿಷಯ, ನಿಮ್ಮ ಜಾಗ ನನಗೆ ಗೊತ್ತಿಲ್ಲ" ಅಂದ್ರು. ನಾಯಿ ಎಲ್ಲಿ ಬದುಕ್ಬೇಕು, ಹೇಗೆ ಬದುಕ್ಬೇಕು ಅನ್ನೋದನ್ನ ಡಾಕ್ಟ್ರಿಗೆ ನಾವಾಗೇ ಬಿಡಿಸಿ ಹೇಳ್ಬೇಕು. ಮೆಟ್ಟಿಲು ಎಷ್ಟಿದೆ, ರಾತ್ರಿ ಹೊರಗೆ ಮಲಗುತ್ತಾ ಒಳಗಾ, ಇನ್ನೊಂದು ನಾಯಿ ಇದೆಯಾ, ಎಲ್ಲ.

ಅತ್ತೆ ಕೇಳಿದ್ದು ಬೇರೆ. "ದುಡ್ಡು ಹೆಂಗೋ ಆಗುತ್ತೆ ಕಣೆ. ಎರಡು ತಿಂಗ್ಳು ಕೂಡಿ ಹಾಕ್ಬೇಕು ಅಂತಾರಲ್ಲ, ಹೇಲುಚ್ಚೆಗೆ ಎತ್ಕೊಂಡ್ ಹೋಗೋರು ಯಾರು? ನನ್ ಕೈಲಿ ಹದಿನೆಂಟು ಕೆಜಿ ಎತ್ತಕ್ಕಾಗಲ್ಲ." ಇಷ್ಟು ದಿನದಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ ಇದು, ನನ್ನ ಪ್ರಕಾರ ಎಲ್ಲರೂ ಮೊದಲು ಕೇಳ್ಕೋಬೇಕಾದ ಪ್ರಶ್ನೆಯೂ ಇದೇ. ಪ್ಲೇಟ್ ಹಾಕಿಸಿ ಮನೆಗೆ ತಂದು ನಾಲ್ಕೇ ದಿನಕ್ಕೆ ಬಿಟ್ಟುಬಿಟ್ರೆ, ಓಡಿ ಪ್ಲೇಟ್ ಬಾಗಿ ಮತ್ತೆ ಮೊದಲಿಂದ. ಅವತ್ತು ಕೂತು ಮಾತಾಡ್ಕೊಂಡ್ವಿ. ನಾನು ಮನೇಲೇ ಬ್ಲೌಸ್ ಹೊಲಿಯೋದು, ಹಗಲು ನಂದು. ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತಕ್ಕೆ ನಮ್ಮನೆಯವ್ರದ್ದು. ಮಾತ್ರೆ ಲೆಕ್ಕ ಮಗಳದ್ದು. ಅದು ಆದ್ಮೇಲೇನೇ ನಮ್ಮನೆಯವ್ರು ಸರಿ, ಮಾಡಿಸೋಣ ಅಂದಿದ್ದು.

ದುಡ್ಡಿಗೆ ಒಂದು ಚೀಲ ಹಳೇ ಮೆಣಸು ಕೊಟ್ವಿ, ಮಲೆನಾಡಿನವರಿಗೆ ಗೊತ್ತಿರುತ್ತೆ, ನಮ್ಮ ಫಿಕ್ಸೆಡ್ ಡಿಪಾಸಿಟ್ ಅದೇ. 52 ಕೆಜಿ, ಕೆಜಿಗೆ 630ರ ಹಾಗೆ 32,760 ಬಂತು. ಸಂಘದಿಂದ ನಾನು 20 ಸಾವಿರ ಸಾಲ ತಗೊಂಡೆ. ಉಳಿದಿದ್ದು ಹೊಲಿಗೆ ದುಡ್ಡು. ಒಂದು ಗೆರೆ ಹಾಕ್ಕೊಂಡ್ವಿ ಮಾತ್ರ, ಪ್ಲೇಟ್ ಫೇಲ್ ಆದ್ರೆ ಎರಡನೇ ಸಲ ಪ್ಲೇಟ್ ಇಲ್ಲ, ಆಗ ಕಾಲು ತೆಗೆಸೋದು ಅಂತ. ಆ ಗೆರೆನ ಮುಂಚೆನೇ, ತಲೆ ತಣ್ಣಗಿರೋವಾಗ ಹಾಕಿದ್ದು ಒಳ್ಳೇದಾಯ್ತು, ಮಗಳಿಗೂ ಹೇಳಿದ್ವಿ.

ಸರ್ಜನ್ ಹತ್ರ ಏನೇನ್ ಕೇಳ್ಬೇಕು ಅಂತ ಹಾಳೇಲಿ ಬರ್ಕೊಂಡು ಹೋಗಿದ್ದೆ, ಇಲ್ಲಾಂದ್ರೆ ಅವರ ಮುಂದೆ ಕೂತಾಗ ಎಲ್ಲ ಮರೆತು ಹೋಗುತ್ತೆ. ಹೇಳಿದ ರೇಟಲ್ಲಿ ಪ್ಲೇಟು, ಸ್ಕ್ರೂ, ಅನಸ್ತೇಷಿಯಾ, ಉಳಿಯೋ ದಿನದ ಚಾರ್ಜು, ಆಪರೇಷನ್ ಆದ್ಮೇಲಿನ ಎಕ್ಸ್‌ರೇ ಎಲ್ಲ ಸೇರಿದೆಯಾ? ಆರು ವಾರದ ಎಕ್ಸ್‌ರೇ? ಕೀವಾದ್ರೆ ಮತ್ತೆ ಚಾರ್ಜಾ? ಪ್ಲೇಟ್ ಆಮೇಲೆ ತೆಗೀಬೇಕಾ? ತೊಂದರೆ ಕೊಡದಿದ್ರೆ ಒಳಗೇ ಇರುತ್ತೆ ಅಂದ್ರು. ಇಂಥ ಆಪರೇಷನ್ ನೀವು ಎಷ್ಟು ಮಾಡಿದೀರಾ ಅಂತ ಕೇಳೋಕೆ ಮುಜುಗರ ಆಯ್ತು, ಆದ್ರೂ ಕೇಳಿದೆ, ಅವರು ಬೇಜಾರ್ ಮಾಡ್ಕೊಳ್ಳದೆ ಹಳೇ ಎಕ್ಸ್‌ರೇಗಳನ್ನ ತೋರಿಸಿದ್ರು. ಎಸ್ಟಿಮೇಟ್ ಬರ್ಸಿ ಕೊಡಿ ಅಂದೆ, ಕೊಟ್ರು.

ಸಂಕ್ರಾಂತಿ ಮಾರನೇ ದಿನ ಚಿಕ್ಕಮಗಳೂರಲ್ಲೇ ಮತ್ತೆ ರಕ್ತ ಕೊಟ್ವಿ. ಪ್ಲೇಟ್‌ಲೆಟ್ 1,48,000ಕ್ಕೆ ಏರಿತ್ತು. ಮಗಳು ಆ ಪೇಪರ್ ಹಿಡ್ಕೊಂಡು ಕುಣಿದ್ಲು. 16ಕ್ಕೆ ಆಪರೇಷನ್. ಹಿಂದಿನ ರಾತ್ರಿ ಹತ್ತರ ಮೇಲೆ ಏನೂ ತಿನ್ಸಬಾರದು ಅಂದಿದ್ರು, ಅತ್ತೆ ತಡೀಲಾರದೆ ಬೆಳಿಗ್ಗೆ ಒಂದು ತುಂಡು ರೊಟ್ಟಿ ಕೊಡೋಕೆ ಹೋಗಿದ್ರು, ಕೈಯಿಂದ ಕಿತ್ಕೊಂಡೆ. ಮತ್ತಿನಲ್ಲಿರೋವಾಗ ವಾಂತಿಯಾಗಿ ಉಸಿರಿನ ಕೊಳವೆಗೆ ಹೋದ್ರೆ ಜೀವಕ್ಕೇ ಅಪಾಯ. ಒಪ್ಪಿಗೆ ಪತ್ರದಲ್ಲಿ ಅನಸ್ತೇಷಿಯಾದಲ್ಲಿ ಪ್ರಾಣ ಹೋಗಬಹುದು ಅಂತ ಬರೆದಿತ್ತು, ಸಹಿ ಹಾಕೋವಾಗ ನಮ್ಮನೆಯವ್ರ ಕೈ ನಡುಗ್ತಿತ್ತು. ಅರ್ಧ ದುಡ್ಡು ಮುಂಚೆ ಕಟ್ಟಿದ್ವಿ. ಎರಡು ಗಂಟೆ ಅಂದಿದ್ದು ಮೂರೂಮುಕ್ಕಾಲು ಗಂಟೆ ಆಯ್ತು, ಆ ಚಿಕ್ಕ ಮೂಳೆ ಚೂರನ್ನ ತಂತಿ ಸುತ್ತಿ ಕೂರಿಸ್ಬೇಕಾಯ್ತಂತೆ. ಹೊರಗೆ ನಾವಿಬ್ಬರೂ ಒಂದು ಮಾತಾಡಿಲ್ಲ. ಆಮೇಲೆ ಎಕ್ಸ್‌ರೇ ತಂದು ತೋರಿಸಿದ್ರು, ಬೆಳ್ಳಗೆ ಪ್ಲೇಟು, ಸಾಲಾಗಿ ಎಂಟು ಸ್ಕ್ರೂ. ಒಳಗೆ ಹೋದ್ರೆ ಕೆಂಚ ಕಣ್ಣು ಅರ್ಧ ಬಿಟ್ಕೊಂಡು ಬಾಲದ ತುದಿ ಮಾತ್ರ ಒಂದು ಸಲ ಆಡಿಸಿದ.

ಒಟ್ಟು ಖರ್ಚು ಬರೆದುಬಿಡ್ತೀನಿ, ಎಲ್ಲರೂ ಕೇಳ್ತಾರೆ. ಆಪರೇಷನ್ ಬಿಲ್ 46,300. ಮೊದಲ ದಿನದ ಎಕ್ಸ್‌ರೇ, ರಕ್ತ, ಔಷಧಿ ಎಲ್ಲ 3,150. ಆಮೇಲಿನ ರಕ್ತ ಪರೀಕ್ಷೆ 1,300, ಮಾತ್ರೆ ಇಂಜೆಕ್ಷನ್ನು 3,400, ಹಾಸನದಲ್ಲಿ ಎರಡು ರಾತ್ರಿ ರೂಮು ಊಟ 2,600, ಅವನನ್ನ ಕೂಡಿ ಹಾಕೋ ಬೋನಿಗೆ ರೀಪು ಮತ್ತೆ ಜಾಲರಿ 1,900, ಕೊನೆಯ ಎರಡು ಎಕ್ಸ್‌ರೇ 1,600, ಪೆಟ್ರೋಲು 6,500. ಎಲ್ಲ ಸೇರಿ 66,750. ಅಂದ್ರೆ ಡಾಕ್ಟ್ರು ಹೇಳಿದ ರೇಟಿನ ಒಳಗೇ ಬಿಲ್ ಆಯ್ತು, ಆದ್ರೂ ನಮ್ಮ ಕೈಯಿಂದ ಅದರ ಮೇಲೆ 20 ಸಾವಿರ ಹೋಯ್ತು. ನೀವು ದುಡ್ಡು ಹೊಂದಿಸೋವಾಗ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಮನೆಗೆ ಬಂದ್ಮೇಲೆ ಶುರುವಾಗಿದ್ದೇ ನಿಜವಾದ ಕೆಲಸ. ಬೋನು ನಾಲ್ಕಡಿ ಉದ್ದ ಎರಡೂವರೆ ಅಡಿ ಅಗಲ, ಎದ್ದು ನಿಂತು ತಿರುಗೋಕೆ ಆಗ್ಬೇಕು, ಹಾರೋಕೆ ಆಗ್ಬಾರದು. ಕೆಳಗೆ ಟಾರ್ಪಾಲು, ಮೇಲೆ ಗೋಣಿ, ಅದರ ಮೇಲೆ ಹಳೇ ಸೀರೆ, ನುಣುಪು ನೆಲದಲ್ಲಿ ಕಾಲು ಜಾರಬಾರದು. ಹೊರಗೆ ಕರ್ಕೊಂಡು ಹೋಗೋವಾಗ ಹೊಟ್ಟೆ ಕೆಳಗೆ ಟವೆಲ್ ಹಾಕಿ ಹಿಂದಿನ ಭಾರ ನಾವು ಎತ್ಕೋಬೇಕು. ಬಂದ ದಿನ ಹದಿನೆಂಟು ಗಂಟೆ ಉಚ್ಚೆನೇ ಹೊಯ್ಲಿಲ್ಲ, ಬೋನೊಳಗೆ ಮಾಡಲ್ಲ, ಟವೆಲ್ಲಲ್ಲಿ ನೇತಾಡಿಸಿದ್ರೆ ನಾಚ್ಕೋತಾನೆ. ಡಾಕ್ಟ್ರಿಗೆ ಫೋನ್ ಮಾಡಿದ್ರೆ, ಮುಂಚೆ ಎಲ್ಲಿ ಹೊಯ್ತಿದ್ನೋ ಅಲ್ಲಿಗೇ ಕರ್ಕೊಂಡು ಹೋಗಿ ಅಂದ್ರು. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡ್ಕೊಂಡು ಅವನ ಸಿಲ್ವರ್ ಮರದ ಬುಡಕ್ಕೆ ಹೋದ್ವಿ. ಒಂದು ನಿಮಿಷ ನಿಲ್ಲಿಸ್ದೆ ಹೊಯ್ದ, ನಮ್ಮನೆಯವ್ರು ಮಗು ಹುಟ್ಟಿದಷ್ಟು ಖುಷಿಯಾಗಿ ಅತ್ತೆಯನ್ನ ಎಬ್ಬಿಸಿ ಹೇಳಿದ್ರು.

ಗಾಯಕ್ಕೆ ಬಾಯಿ ಹಾಕದ ಹಾಗೆ ಕೊರಳಿಗೆ ಹಾಕೋ ಕೋನನ್ನ ಯಾರೂ ಪಾಪ ಅಂತ ಬಿಚ್ಚಬೇಡಿ. ಎಂಟನೇ ದಿನ ಮಗಳು ಊಟ ಮಾಡ್ಲಿ ಅಂತ ಬಿಚ್ಚಿದ್ಲು, ಹತ್ತು ನಿಮಿಷದಲ್ಲಿ ಎರಡು ಹೊಲಿಗೆ ಕಿತ್ತ. ಮಾರನೇ ದಿನ ಅದೇ ಪಿಕಪ್ ಸೌಂಡ್ ಕೇಳಿ ಬೋನೊಳಗೇ ಎಗರಾಡಿ, ಸಾಯಂಕಾಲಕ್ಕೆ ಗಾಯದ ಕೆಳಗೆ ನಿಂಬೆಹಣ್ಣಿನಷ್ಟು ಊತ. ನಾನು ಆ ರಾತ್ರಿ ಎಲ್ಲ ಮುಗೀತು ಅಂತ ಅತ್ತುಬಿಟ್ಟೆ. ಫೋಟೋ ಕಳಿಸಿದ್ವಿ, ಬಿಸಿ ಇದೆಯಾ, ವಾಸನೆ ಇದೆಯಾ, ಜ್ವರ ಇದೆಯಾ ಅಂತ ಕೇಳಿ, ಇಲ್ಲ ಅಂದ್ಮೇಲೆ, ಬರೀ ನೀರು ತುಂಬಿದೆ, ಚುಚ್ಚಿ ತೆಗೀಬೇಡಿ, ಅಲ್ಲಾಡ್ದಂಗೆ ನೋಡ್ಕೊಳ್ಳಿ ಅಂದ್ರು. ವಾರದಲ್ಲಿ ಇಳೀತು. ಆಮೇಲೆ ಆ ಡ್ರೈವರ್ ಹುಡುಗನೇ ಪಿಕಪ್ಪನ್ನ ಮೇಲಿನ ಗೇಟಲ್ಲೇ ನಿಲ್ಲಿಸಿ ಜನನ್ನ ನಡ್ಸಿ ಕಳಿಸೋಕೆ ಶುರು ಮಾಡಿದ, ನಾವು ಹೇಳಿರ್ಲಿಲ್ಲ.

ಮೂರನೇ ವಾರದಿಂದ ಕಷ್ಟ ಬೇರೆ ಥರ. ನೋವು ಕಮ್ಮಿ ಆಗಿರುತ್ತೆ, ನಾಯಿಗೆ ತಾನು ಹುಷಾರಾದೆ ಅನ್ಸಿಬಿಟ್ಟಿರುತ್ತೆ, ಮೂಳೆ ಮಾತ್ರ ಇನ್ನೂ ಕೂಡಿರಲ್ಲ. ರಾತ್ರಿ ಊಳಿಡ್ತಿದ್ದ. ನಾನು ಹೊಲಿಗೆ ಮಿಷನ್ನೇ ಬೋನಿನ ಪಕ್ಕಕ್ಕೆ ಎಳ್ಕೊಂಡೆ, ಆ ಸೌಂಡಿಗೆ ನಿದ್ದೆ ಮಾಡ್ತಿದ್ದ. ನಮ್ಮಿಬ್ಬರ ಸೊಂಟ ಹಿಡ್ಕೊಂಡಿತ್ತು, ಮದುವೆ ಎರಡು ತಪ್ಪಿಸಿದ್ವಿ, ಒಂದಕ್ಕೆ ಇನ್ನೂ ಬೇಜಾರ್ ಮಾಡ್ಕೊಂಡಿದಾರೆ.

ಫೆಬ್ರವರಿ 27ರ ಎಕ್ಸ್‌ರೇಲಿ ಮುರಿದ ಜಾಗದ ಸುತ್ತ ಮೋಡದ ಹಾಗೆ ಬೆಳ್ಳಗೆ ಕಾಣಿಸ್ತು, ಅದೇ ಹೊಸ ಮೂಳೆ. ಬೆಲ್ಟ್ ಹಾಕಿ ದಿನಕ್ಕೆ ಐದೈದು ನಿಮಿಷ ನಡೆಸಿ ಅಂದ್ರು. ಮೊನ್ನೆ 13ಕ್ಕೆ ಮೂಳೆ ಕೂಡಿದೆ, ನಿಧಾನಕ್ಕೆ ಹೆಚ್ಚಿಸಿ, ಇನ್ನೊಂದು ತಿಂಗಳು ಓಡೋಕೆ ಬಿಡ್ಬೇಡಿ ಅಂದ್ರು. ಎಡಗಾಲು ಸ್ವಲ್ಪ ಸಣ್ಣ ಆಗಿದೆ, ನಡೆಯೋವಾಗ ಒಂಚೂರು ಕುಂಟು ಕಾಣುತ್ತೆ, ಅದು ಪೂರ್ತಿ ಹೋಗುತ್ತೆ ಅಂತ ಅವರು ಹೇಳಿಲ್ಲ. ಉಣುಗಿಗೆ ತಿಂಗಳಿಗೊಂದು ಮಾತ್ರೆ ಈಗ ತಪ್ಪಿಸ್ತಿಲ್ಲ. ಸಂಘದ ಸಾಲ ಇನ್ನೂ ಎಂಟು ಕಂತಿದೆ.

ನಿನ್ನೆ ಕಾಫಿ ಹೂವು ಅರಳಿಸೋ ಹೂವಿನ ಮಳೆ ಬಂತು. ಸಾಯಂಕಾಲ ಬೆಲ್ಟ್ ಹಿಡ್ಕೊಂಡು ಗೇಟ್ ತನಕ ನಡೆಸ್ಕೊಂಡು ಹೋದೆ, ವ್ಯಾನ್ ಬರೋ ಟೈಮಾಗಿತ್ತು.

ಬೋನು, ಕೋನು ಎರಡೂ ತೊಳೆದು ಕಣದ ಶೆಡ್ಡಲ್ಲಿ ಇಟ್ಟಿದೀನಿ. ಆಲ್ದೂರು ಸುತ್ತಮುತ್ತ ಯಾರಿಗಾದ್ರೂ ಬೇಕಾದ್ರೆ ಕೇಳಿ, ದುಡ್ಡೇನೂ ಬೇಡ. 20 ಕೆಜಿ ಒಳಗಿನ ನಾಯಿಗೆ ಸಾಕಾಗುತ್ತೆ. ಬಾಗಿಲಿನ ಚಿಲಕ ಒಂದು ಸಡಿಲ ಇದೆ, ತಂತಿ ಹಾಕಿ ಕಟ್ಕೋಬೇಕು.